ಬೇಸಾಯಗಾರನಿಗೆ ಸಂಖ್ಯಾಶಾಸ್ತ್ರದ ಉಪಯೋಗ

ಬೇಸಾಯವು ಸಂದೇಹದ ನಡುವೆ ನಡೆಸತಕ್ಕ ಕಸಬು. ಮಳೆ ಎಂದು ಬರುವುದು, ಪೇಟೆಯ ಧಾರಣೆ ಎಷ್ಟಕ್ಕೆ ನಿಲ್ಲುವುದು, ರೇಷ್ಮೆ ಹುಳುವಿನ ಸಾಕಾಣಿಕೆ ಕೈಗೆ ಹತ್ತುವುದೋ ಇಲ್ಲವೋ ಎಂಬುದನ್ನು ಮುಂಚಿತವಾಗಿ ಯಾರೂ ಖಂಡಿತವಾಗಿ ಹೇಳಲಾರರು. ಆದರೂ ಬೀಜವನ್ನು ಕೊಳ್ಳುವುದು, ಸಾಲವನ್ನು ತರುವುದು, ಆಳುಗಳನ್ನು ಗೊತ್ತುಮಾಡುವುದು ಇವೆಲ್ಲವೂ ಬಿತ್ತನೆಗೆ ಮೊದಲೇ ಆಗಬೇಕಾದ ಕೆಲಸಗಳು. ಹೀಗೆ ಸಂದೇಹವುಳ್ಳ ವಿಷಯಗಳಲ್ಲಿ ಹಿಂದಿನ ಅನುಭವವನ್ನು ಅಂಕಿಗಳಲ್ಲಿ ಬರೆದಿಟ್ಟು, ಅವುಗಳ ಆಧಾರದಿಂದ ಮುಂದಿನದನ್ನು ತಕ್ಕಮಟ್ಟಿಗೆ ಊಹಿಸುವ ಶಾಸ್ತ್ರಕ್ಕೆ ಸಂಖ್ಯಾಶಾಸ್ತ್ರವೆಂದು ಹೆಸರು. ಈ ಶಾಸ್ತ್ರದ ಮೇಲಿನ ಭಾಗಗಳು ಕಠಿಣವಾದರೂ ಅದರ ಮೊದಲ ಪಾಠಗಳಿಗೆ ಎಣಿಸುವುದು, ಕೂಡುವುದು, ಭಾಗಿಸುವುದು ಇಷ್ಟು ತಿಳಿದಿದ್ದರೆ ಸಾಕು. ಆ ಪಾಠಗಳಲ್ಲಿ ಜಮೀನುದಾರರಿಗೂ ಊರಿನ ಯಜಮಾನರಿಗೂ ಅವಶ್ಯವಾದ ಕೆಲವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಈ ತಿಳಿವಳಿಕೆಯು ಇತರ ಕಡೆಗಳಿಗಿಂತಲೂ ಹೆಚ್ಚಾಗಿ ಬೇಕಾಗಿದೆ. ಏತಕ್ಕೆಂದರೆ ಈ ಸೀಮೆಯ ಭೂಮಿ ಒಂದೇ ತೆರನಾದುದಲ್ಲ. ಕಾವೇರಿಯ ದಡದಲ್ಲಿಯೂ ಸುವರ್ಣಾವತಿಯ ಬಯಲಿನಲ್ಲಿಯೂ ಗದ್ದೆಗಳಿವೆ. ರಾಮಾಪುರ, ಲೊಕ್ಕನಹಳ್ಳಿಗಳ ಕಡೆ ಮಳೆಯನ್ನೇ ನಂಬಿದ ಹೊಲಗಳಿವೆ. ಮಳೆಯಾದರೂ ಮುಂಗಾರಿಗೆ ಮುಂಚಿನ ವೈಶಾಖದ ದಿನಗಳಲ್ಲಿ ಒಮ್ಮೆಯೂ, ಹಿಂಗಾರಿನ ಕಾಲದಲ್ಲಿ ಇನ್ನೊಮ್ಮೆಯೂ ಬಲವಾಗಿ, ನಡುವೆ ಅನೇಕ ವೇಳೆ ಕೈಕೊಡುತ್ತದೆ. ಇಂತಹ ಕಡೆ ನೆರೆಯ ಊರಿನ ಅನುಭವವು ತನ್ನ ಹೊಲಕ್ಕೆ ಸರಿಹೋಗುವುದೆಂದು ನಂಬಲಾಗದು. ಪ್ರತಿಯೊಬ್ಬನೂ ತನ್ನ ಹೊಲದ ಅಂಕಿಗಳನ್ನು ತಾನೇ ಇಟ್ಟುಕೊಳ್ಳಬೇಕು.

ಲೆಕ್ಕದ ಪುಸ್ತಕ

ಮೊದಲು ಬೇಕಾದುದು ಒಂದು ಪುಸ್ತಕ. ಒಂದೊಂದು ಹೊಲಕ್ಕೆ ಒಂದೊಂದು ಪುಟವನ್ನಿಟ್ಟು, ವರ್ಷ, ಬೆಳೆ, ಬಿತ್ತಿದ ದಿನ, ಬಂದ ಕಾಳಿನ ತೂಕ, ಮಾರಿದ ಧಾರಣೆ, ಆದ ಖರ್ಚು ಇವಿಷ್ಟನ್ನು ಬರೆದಿಡತಕ್ಕದ್ದು. ತೂಕವನ್ನು ಯಾವಾಗಲೂ ಕಿಲೋಗ್ರಾಂ ಅಥವಾ ಕ್ವಿಂಟಾಲಿನಲ್ಲಿಯೇ ಬರೆಯಬೇಕು. ಇಷ್ಟು ಮೂಟೆ, ಇಷ್ಟು ಗಾಡಿ ಎಂದು ಬರೆದರೆ ಪ್ರಯೋಜನವಿಲ್ಲ. 1956ರ ವರೆಗೆ ಕೊಳ್ಳೇಗಾಲವು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೂ, ಯಳಂದೂರು ಮೈಸೂರಿಗೂ ಸೇರಿದ್ದುದರಿಂದ, ಕೆಲವೇ ಮೈಲಿಗಳ ಅಂತರದಲ್ಲಿ ಒಂದು ಕಡೆ ಮದ್ರಾಸಿನ ಅಳತೆಯೂ ಇನ್ನೊಂದು ಕಡೆ ಮೈಸೂರಿನ ಅಳತೆಯೂ ನಡೆಯುತ್ತಿತ್ತು. ಹಿರಿಯರು ಹೇಳುವ ಅಂದಿನ ಇಳುವರಿಗಳನ್ನು ಇಂದಿನವುಗಳೊಡನೆ ಹೋಲಿಸುವುದು ಕಷ್ಟವಾಗಿರುವುದಕ್ಕೆ ಇದೂ ಒಂದು ಕಾರಣ. ಅಳತೆ ಒಂದೇ ಆಗಿರದಿದ್ದಲ್ಲಿ ಅಂಕಿಗಳನ್ನು ಕೂಡುವುದಕ್ಕೂ ಕಳೆಯುವುದಕ್ಕೂ ಬರುವುದಿಲ್ಲ.

ನಷ್ಟವಾದ ವರ್ಷವನ್ನು ಬರೆಯದೆ ಬಿಡುವುದು ಅನೇಕರ ವಾಡಿಕೆ. ಇದು ದೊಡ್ಡ ತಪ್ಪು. ಬೆಳೆ ಒಣಗಿ ಹೋದ ವರ್ಷದಲ್ಲಿ ಸೊನ್ನೆಯೆಂದೇ ಬರೆಯಬೇಕು. ಆ ಸೊನ್ನೆಯು ಮುಂದೆ ಬೇಸಾಯಗಾರನಿಗೆ ಬೇರೆ ಅಂಕಿಗಳಿಗಿಂತ ಹೆಚ್ಚಾಗಿ ಉಪಯೋಗಕ್ಕೆ ಬರುವುದು.

ಸರಾಸರಿ ಮತ್ತು ಮಧ್ಯಾಂಕ

ಎಲ್ಲ ವರ್ಷಗಳ ಆದಾಯವನ್ನು ಕೂಡಿ ವರ್ಷಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಸರಾಸರಿ. ಇದು ಎಲ್ಲರಿಗೂ ತಿಳಿದುದೇ. ಆದರೆ ಸರಾಸರಿಯೊಂದನ್ನೇ ನಂಬಿ ಸಾಲ ಮಾಡಿದವರು ಕೆಟ್ಟಿರುವುದುಂಟು. ಅದು ಹೇಗೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಇಲ್ಲಿಯ ಅಂಕಿಗಳು ವಿವರಣೆಗಾಗಿ ಕಲ್ಪಿಸಿಕೊಂಡವು.

ಒಂದು ಎಕರೆಯಲ್ಲಿ ಖರ್ಚು ಕಳೆದು ಹತ್ತು ವರ್ಷ ಉಳಿದ ಹಣ, ಸಾವಿರ ರೂಪಾಯಿಗಳಲ್ಲಿ:

ಮೊದಲನೆಯ ಬೆಳೆ — 9, 10, 8, 11, 10, 9, 12, 10, 11, 10.

ಎರಡನೆಯ ಬೆಳೆ — 30, ನಷ್ಟ 4, 2, 28, 3, ನಷ್ಟ 5, 4, 35, 2, 5.

ಎರಡರ ಮೊತ್ತವೂ 100 ಸಾವಿರ. ಎರಡರ ಸರಾಸರಿಯೂ ವರ್ಷಕ್ಕೆ 10 ಸಾವಿರ. ಸರಾಸರಿಯನ್ನು ಮಾತ್ರ ನೋಡುವವನಿಗೆ ಈ ಎರಡು ಬೆಳೆಗಳಲ್ಲಿ ಯಾವ ವ್ಯತ್ಯಾಸವೂ ಕಾಣದು. ಈಗ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ ನಡುವೆ ಬರುವುದನ್ನು ನೋಡಬೇಕು. ಇದಕ್ಕೆ ಮಧ್ಯಾಂಕವೆಂದು ಹೆಸರು. ಅಂಕಿಗಳು ಹತ್ತಿರುವುದರಿಂದ ಐದನೆಯ ಮತ್ತು ಆರನೆಯ ಅಂಕಿಗಳ ನಡುವಣದೇ ಮಧ್ಯಾಂಕ. ಮೊದಲನೆಯ ಬೆಳೆಯಲ್ಲಿ ಅದು 10 ಸಾವಿರವಾಗುವುದು. ಎರಡನೆಯದರಲ್ಲಿ ಮೂರೂವರೆ ಸಾವಿರ ಮಾತ್ರ. ಎರಡನೆಯ ಬೆಳೆಯ ಸರಾಸರಿಯನ್ನು ಮೂರು ಒಳ್ಳೆಯ ವರ್ಷಗಳು ಮೇಲಕ್ಕೆತ್ತಿವೆಯೇ ಹೊರತು, ಸಾಮಾನ್ಯವಾದ ವರ್ಷದಲ್ಲಿ ಅದರಿಂದ ಬರುವುದು ಅತ್ಯಲ್ಪ.

ಈಗ ಒಬ್ಬ ಜಮೀನುದಾರನು ಬಾವಿಗಾಗಿ ಸಾಲ ತಂದು, ಎಕರೆಗೆ ವರ್ಷಂಪ್ರತಿ 6 ಸಾವಿರ ರೂಪಾಯಿಗಳ ಕಂತನ್ನು ಕಟ್ಟಬೇಕಾಗಿದೆಯೆಂದು ಭಾವಿಸೋಣ. ಮೊದಲನೆಯ ಬೆಳೆಯಿಟ್ಟವನು ಹತ್ತು ವರ್ಷವೂ ಕಂತನ್ನು ಕಟ್ಟಬಲ್ಲನು. ಎರಡನೆಯ ಬೆಳೆಯಿಟ್ಟವನು ಏಳು ವರ್ಷಗಳಲ್ಲಿ ಆ ವರ್ಷದ ಬೆಳೆಯಿಂದ ಕಂತನ್ನು ಕಟ್ಟಲಾರನು. ಮೊದಲ ವರ್ಷದ ಲಾಭವನ್ನು ಮದುವೆಗೋ ಮನೆಗೋ ಖರ್ಚುಮಾಡಿಬಿಟ್ಟಿದ್ದರೆ, ಎರಡು ಮೂರನೆಯ ವರ್ಷಗಳಲ್ಲಿಯೇ ಜಮೀನು ಆಧಾರಕ್ಕೆ ಹೋಗುವ ಸಂಭವವುಂಟು. ಎರಡನೆಯ ಬೆಳೆಯನ್ನು ಇಡಲೇ ಕೂಡದೆಂದು ಇದರ ಅರ್ಥವಲ್ಲ. ಒಳ್ಳೆಯ ವರ್ಷದ ಹಣವನ್ನು ಕೆಟ್ಟ ವರ್ಷಕ್ಕಾಗಿ ಉಳಿಸುವ ಶಕ್ತಿಯುಳ್ಳವನು ಇಡಬಹುದು. ಇಲ್ಲವೆ ಜಮೀನಿನ ಒಂದು ಭಾಗದಲ್ಲಿ ಮಾತ್ರ ಇಡಬಹುದು. ಒಟ್ಟಿನಲ್ಲಿ, ಸಾಲ ಮಾಡುವುದಕ್ಕೆ ಮುಂಚೆ ಸರಾಸರಿ ಎಷ್ಟು, ಮಧ್ಯಾಂಕವೆಷ್ಟು, ಎಲ್ಲಕ್ಕಿಂತ ಕೆಟ್ಟ ವರ್ಷ ಎಷ್ಟು, ಹತ್ತರಲ್ಲಿ ಎಷ್ಟು ವರ್ಷ ಕಂತಿಗೆ ಸಾಲದು ಎಂಬ ನಾಲ್ಕನ್ನೂ ನೋಡತಕ್ಕದ್ದು.

ಮಳೆಯ ವಿಷಯವೂ ಹಾಗೆಯೇ. ವರ್ಷದ ಸರಾಸರಿ ಮಳೆ ಇಷ್ಟೆಂದು ತಿಳಿದ ಮಾತ್ರಕ್ಕೆ ಬಿತ್ತನೆಗೆ ಸಹಾಯವಾಗದು. ತೆನೆ ಕಟ್ಟುವ ಹದಿನೈದು ದಿನಗಳಲ್ಲಿ ಹಿಂದಿನ ಇಪ್ಪತ್ತು ವರ್ಷಗಳ ಪೈಕಿ ಎಷ್ಟು ವರ್ಷ ಹದವಾದ ಮಳೆ ಬಂದಿತ್ತೆಂದು ಎಣಿಸಿದರೆ ಸಹಾಯವಾಗುವುದು. ಕರ್ನಾಟಕದಲ್ಲಿ ಗ್ರಾಮ ಪಂಚಾಯತಿಗಳ ಮಟ್ಟದಲ್ಲಿಯೇ ಮಳೆಮಾಪಕಗಳು ಇರುವುದರಿಂದ, ಸಮೀಪದ ಮಾಪಕದ ಅಂಕಿಗಳನ್ನು ಕೇಳಿ ಪಡೆದು ಪುಸ್ತಕದಲ್ಲಿ ಸೇರಿಸಬಹುದು. ಇನ್ನೊಂದು ಎಚ್ಚರಿಕೆಯೂ ಅವಶ್ಯಕ. ಎರಡು ವರ್ಷ ಮಳೆ ತಪ್ಪಿದ ಮೇಲೆ ಮೂರನೆಯ ವರ್ಷ ಬಂದೇ ಬರುವುದೆಂದು ಹಲವರು ನಂಬುವರು. ಮೋಡಕ್ಕೆ ಹಿಂದಿನ ಬಾಕಿಯ ಲೆಕ್ಕವಿಲ್ಲ. ಹತ್ತು ವರ್ಷಗಳಲ್ಲಿ ಮೂರು ವರ್ಷ ಮಳೆ ತಪ್ಪುವ ಊರಿನಲ್ಲಿ, ಹಿಂದಿನ ವರ್ಷ ತಪ್ಪಿತೆಂಬ ಕಾರಣದಿಂದಲೇ ಈ ವರ್ಷದ ಅಪಾಯ ಕಡಮೆಯಾಗಿದೆಯೆಂದು ಎಣಿಸಬಾರದು.

ನೆನಪು ಮತ್ತು ಗಾದೆ

ಮಳೆಯ ನಕ್ಷತ್ರಗಳ ವಿಷಯವಾಗಿ ನಮ್ಮ ಹಳ್ಳಿಗಳಲ್ಲಿ ಅನೇಕ ಗಾದೆಗಳಿವೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬುದು ಅವುಗಳಲ್ಲಿ ಒಂದು. ಇಂತಹ ಮಾತುಗಳು ಬರವಣಿಗೆಯಿಲ್ಲದ ಕಾಲದಲ್ಲಿ ಹಿರಿಯರು ಕಂಡುದರ ಸಾರ, ಆದುದರಿಂದ ತಳ್ಳಿಹಾಕತಕ್ಕವಲ್ಲ. ಆದರೆ ಅವುಗಳನ್ನು ತನ್ನ ಊರಿಗೆ ಒಪ್ಪುವುವೋ ಇಲ್ಲವೋ ಎಂದು ಪರೀಕ್ಷಿಸುವ ಕ್ರಮವೊಂದುಂಟು.

ಇಪ್ಪತ್ತು ವರ್ಷಗಳ ಲೆಕ್ಕವಿದೆಯೆಂದೂ, ಅದರಲ್ಲಿ ಭರಣಿ ಮಳೆ 12 ವರ್ಷ ಬಂದು, ಆ ಪೈಕಿ 9 ವರ್ಷ ಬೆಳೆ ಚೆನ್ನಾಗಿ ಆಯಿತೆಂದೂ ಭಾವಿಸೋಣ. ಇಷ್ಟನ್ನು ಕೇಳಿದವರು ಗಾದೆ ನಿಜವೆನ್ನುವರು. ಆದರೆ ಭರಣಿ ಮಳೆ ಬಾರದ 8 ವರ್ಷಗಳನ್ನೂ ನೋಡಬೇಕು. ಅವುಗಳಲ್ಲಿಯೂ 6 ವರ್ಷ ಬೆಳೆ ಚೆನ್ನಾಗಿ ಆಗಿದ್ದರೆ, ಮಳೆ ಬಂದಾಗಲೂ ನಾಲ್ಕರಲ್ಲಿ ಮೂರು, ಬಾರದಾಗಲೂ ನಾಲ್ಕರಲ್ಲಿ ಮೂರು ಎಂದಾಯಿತು. ಆ ಊರಿನ ಮಟ್ಟಿಗೆ ಭರಣಿ ಮಳೆಯಿಂದ ಬೆಳೆಯ ವಿಷಯ ಏನೂ ತಿಳಿಯುವಂತಿಲ್ಲ. ಮಳೆಯೂ ಬಂದು ಬೆಳೆಯೂ ಆದ 9 ವರ್ಷಗಳು ಮನಸ್ಸಿನಲ್ಲಿ ನಿಲ್ಲುವುವು. ಉಳಿದ 11 ಮರೆತುಹೋಗುವುವು. ಯಾವುದೇ ಗುರುತನ್ನು, ಗೊಬ್ಬರವನ್ನು, ಔಷಧಿಯನ್ನು ಪರೀಕ್ಷಿಸುವಾಗಲೂ ಈ ನಾಲ್ಕು ಮನೆಗಳನ್ನು ಭರ್ತಿಮಾಡಬೇಕು: ಇದ್ದು ಫಲಿಸಿದ್ದು, ಇದ್ದೂ ಫಲಿಸದ್ದು, ಇಲ್ಲದೆಯೂ ಫಲಿಸಿದ್ದು, ಇಲ್ಲದೆ ಫಲಿಸದ್ದು. ಔಷಧಿ ಹೊಡೆದ ಹತ್ತು ಹೊಲಗಳಲ್ಲಿ ಎಂಟರಲ್ಲಿ ಹುಳು ಹೋಯಿತೆಂದು ಅಂಗಡಿಯವನು ಹೇಳಿದರೆ, ಹೊಡೆಯದ ಹತ್ತು ಹೊಲಗಳಲ್ಲಿ ಎಷ್ಟರಲ್ಲಿ ಹೋಯಿತೆಂದು ವಿಚಾರಿಸತಕ್ಕದ್ದು.

ಮಾದರಿಯ ವಿಚಾರ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿದರೆ ಸಾಕು. ಏತಕ್ಕೆಂದರೆ ಪಾತ್ರೆಯೊಳಗಿನ ಅಗುಳುಗಳೆಲ್ಲವೂ ಸುಮಾರಾಗಿ ಒಂದೇ ಸ್ಥಿತಿಯಲ್ಲಿರುವುವು. ಹೊಲ, ಗೂಡು, ಬೀಜ ಇವು ಹಾಗಲ್ಲ. ಮೂಟೆಯ ಬಾಯಲ್ಲಿರುವ ಕಾಳು ತಳದ ಕಾಳಿನಂತೆಯೇ ಇರುವುದೆಂಬ ನಿಶ್ಚಯವಿಲ್ಲ. ಆದುದರಿಂದ ಮಾದರಿಯನ್ನು ತೆಗೆಯುವಾಗ ಎರಡು ನಿಯಮಗಳನ್ನು ಪಾಲಿಸಬೇಕು: ಕಣ್ಣಿಗೆ ಚೆನ್ನಾದುದನ್ನು ಆರಿಸಿ ತೆಗೆಯಬಾರದು, ತೀರ ಕಡಮೆ ತೆಗೆಯಬಾರದು.

ಎರಡನೆಯ ನಿಯಮದ ಮಹತ್ವವು ರೇಷ್ಮೆ ಕಸಬಿನಲ್ಲಿ ಸ್ಪಷ್ಟವಾಗಿ ಕಾಣುವುದು. ಮದ್ರಾಸಿನ ಆಡಳಿತದ ಕಾಲದಲ್ಲಿಯೂ ಹಿಪ್ಪುನೇರಳೆ ಬೇಸಾಯಕ್ಕೆ ಹೆಸರಾಗಿದ್ದ ಕೊಳ್ಳೇಗಾಲದ ಸೀಮೆಗೆ ಗಂಟುರೋಗದ ಭಯ ಹೊಸದಲ್ಲ. ಈ ರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುವುದು. ಫ್ರಾನ್ಸ್ ದೇಶದ ಲೂಯಿ ಪಾಶ್ಚರನು 1865ರಲ್ಲಿ ಈ ರೋಗದ ಶೋಧನೆಗೆ ತೊಡಗಿ, ಮೊಟ್ಟೆಯಿಟ್ಟ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗ ಕಂಡರೆ ಅದರ ಮೊಟ್ಟೆಗಳನ್ನು ನಾಶಮಾಡುವ ಕ್ರಮವನ್ನು ಬಳಕೆಗೆ ತಂದನು. ಈಗ ಒಂದು ದೊಡ್ಡ ತಂಡದಲ್ಲಿ ನೂರಕ್ಕೆ ಎರಡು ಚಿಟ್ಟೆಗಳಿಗೆ ರೋಗವಿದೆಯೆಂದು ಭಾವಿಸೋಣ. ಹತ್ತನ್ನು ಮಾತ್ರ ಪರೀಕ್ಷಿಸಿದರೆ, ನೂರು ಸಲದಲ್ಲಿ ಸುಮಾರು 82 ಸಲ ರೋಗವು ಕಣ್ಣಿಗೆ ಬೀಳದೆಯೇ ತಪ್ಪಿಸಿಕೊಳ್ಳುವುದು. ಐವತ್ತನ್ನು ಪರೀಕ್ಷಿಸಿದರೆ ಸುಮಾರು 36 ಸಲವೂ, ನೂರ ಐವತ್ತನ್ನು ಪರೀಕ್ಷಿಸಿದರೆ ಸುಮಾರು 5 ಸಲವೂ ತಪ್ಪಿಸಿಕೊಳ್ಳುವುದು. ಹತ್ತು ನೋಡಿ ರೋಗವಿಲ್ಲವೆಂದು ಹೇಳುವ ಮಾತಿಗೂ ನೂರ ಐವತ್ತು ನೋಡಿ ಹೇಳುವ ಮಾತಿಗೂ ಇಷ್ಟು ಅಂತರವಿದೆ. ಆದುದರಿಂದ ಪರೀಕ್ಷೆಯಾಗಿದೆ ಎಂಬ ಮಾತನ್ನು ಕೇಳಿ ತೃಪ್ತರಾಗದೆ, ಎಷ್ಟನ್ನು ಪರೀಕ್ಷಿಸಲಾಯಿತೆಂದು ಕೇಳುವುದು ಸಾಕಾಣಿಕೆದಾರರಿಗೆ ಶ್ರೇಯಸ್ಕರ.

ಬೆಳೆ ಕಟಾವು ಪ್ರಯೋಗ

ಮೊದಲನೆಯ ನಿಯಮವು, ಎಂದರೆ ಆರಿಸಿ ತೆಗೆಯಬಾರದೆಂಬುದು, ಊರಿನ ಯಜಮಾನರಿಗೆ ವಿಶೇಷವಾಗಿ ಸಂಬಂಧಿಸಿದುದು. ಹಿಂದೆ ಊರಿನ ಬೆಳೆಯನ್ನು ಆಣೆವಾರಿಯ ಕ್ರಮದಲ್ಲಿ ಅಂದಾಜು ಮಾಡುತ್ತಿದ್ದರು. ಪೂರ್ಣ ಬೆಳೆಯನ್ನು ರೂಪಾಯಿಗೆ ಹದಿನಾರಾಣೆಯಂತೆ ಎಣಿಸಿ, ಈ ವರ್ಷ ಎಂಟಾಣೆ ಬೆಳೆ, ಹತ್ತಾಣೆ ಬೆಳೆ ಎಂದು ಕಣ್ಣಳತೆಯಿಂದ ಹೇಳುತ್ತಿದ್ದರು. ಒಬ್ಬನ ಕಣ್ಣಿಗೆ ಹತ್ತಾಣೆಯಾದುದು ಇನ್ನೊಬ್ಬನ ಕಣ್ಣಿಗೆ ಏಳಾಣೆಯಾಗಿ ಕಾಣುವುದು ಸಹಜ. ಇದನ್ನು ಸರಿಪಡಿಸುವ ಸಲುವಾಗಿ 1920ರ ದಶಕದಲ್ಲಿ ಬಿಹಾರ–ಒರಿಸ್ಸಾ ಪ್ರಾಂತದಲ್ಲಿ ಹಬ್ಬಕ್ ಎಂಬ ಅಧಿಕಾರಿಯು, ಅಲ್ಲಲ್ಲಿ ಚಿಕ್ಕ ಚಿಕ್ಕ ತುಂಡುಗಳ ಭತ್ತವನ್ನು ಕೊಯ್ದು ತೂಗುವ ಕ್ರಮವನ್ನು ಪ್ರಯೋಗಿಸಿದನು. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಪ್ರೊಫೆಸರ್ ಮಹಲನೋಬಿಸ್ ಅವರು ಬಂಗಾಳದ ಸೆಣಬಿನ ಬೆಳೆಗೆ ಮಾದರಿ ಕ್ರಮವನ್ನು ಅನ್ವಯಿಸಿದರು. ಸುಖಾತ್ಮೆಯವರು 1940ರ ದಶಕದಲ್ಲಿ ಆಹಾರ ಬೆಳೆಗಳ ಕಟಾವು ಪ್ರಯೋಗಗಳನ್ನು ದೇಶದ ಅನೇಕ ಪ್ರಾಂತಗಳಿಗೆ ಹರಡಿದರು. ಈ ಶಾಸ್ತ್ರದಲ್ಲಿ ಲೋಕಪ್ರಸಿದ್ಧರಾದ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ಕನ್ನಡ ನಾಡಿನ ಹೂವಿನಹಡಗಲಿಯಲ್ಲಿ ಎಂಬುದನ್ನು ಇಲ್ಲಿ ಸ್ಮರಿಸಬಹುದು.

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿಯ ನಷ್ಟವು ಈ ಕಟಾವು ಪ್ರಯೋಗಗಳಿಂದ ನಿರ್ಣಯವಾಗುವುದು. ಗ್ರಾಮ ಪಂಚಾಯತಿಯನ್ನು ಘಟಕವಾಗಿ ಮಾಡಿರುವ ಮುಖ್ಯ ಬೆಳೆಗೆ ಕನಿಷ್ಠ ನಾಲ್ಕು ಪ್ರಯೋಗಗಳು ನಡೆಯಬೇಕು. ಸರ್ವೆ ನಂಬರನ್ನು ಅದೃಷ್ಟದ ಅಂಕಿಯಿಂದ ಗೊತ್ತುಮಾಡಿ, ಹೊಲದ ನೈಋತ್ಯ ಮೂಲೆಯಿಂದ ಹಾಗೆಯೇ ಗೊತ್ತಾದಷ್ಟು ಹೆಜ್ಜೆಗಳನ್ನು ಅಳೆದು, ಸಾಮಾನ್ಯವಾಗಿ 5 ಮೀಟರ್ ಉದ್ದ 5 ಮೀಟರ್ ಅಗಲದ ತುಂಡನ್ನು ಗುರುತುಮಾಡುವರು. ಒಂದು ಹೆಕ್ಟೇರಿನಲ್ಲಿ ಇಂತಹ 400 ತುಂಡುಗಳಿವೆ. ಆದುದರಿಂದ ತುಂಡಿನ ಕಾಳಿನ ತೂಕವನ್ನು 400ರಿಂದ ಗುಣಿಸಿದರೆ ಹೆಕ್ಟೇರಿನ ಇಳುವರಿ ದೊರೆಯುವುದು.

2018ರ ಪರಿಷ್ಕೃತ ನಿಯಮದಂತೆ, ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದರ ಸರಾಸರಿಯನ್ನು ತೆಗೆದು, ಬೆಳೆಗೆ ಗೊತ್ತುಮಾಡಿದ ಪ್ರಮಾಣದಿಂದ ಗುಣಿಸಿದರೆ ಬರುವುದೇ ಮಿತಿ ಇಳುವರಿ. ಒಂದು ಊರಿನ ರಾಗಿಯ ಏಳು ವರ್ಷಗಳ ಇಳುವರಿ ಹೆಕ್ಟೇರಿಗೆ 1200, 1500, 400, 1600, 1300, 700, 1400 ಕಿಲೋಗ್ರಾಂ ಎಂದೂ, ಪ್ರಮಾಣವು ನೂರಕ್ಕೆ 80 ಎಂದೂ ಭಾವಿಸಿದರೆ, ಉತ್ತಮ ಐದರ ಸರಾಸರಿ 1400. ಮಿತಿ ಇಳುವರಿ 1120. ಈ ವರ್ಷ ನಾಲ್ಕು ತುಂಡುಗಳಲ್ಲಿ 2.0, 2.5, 1.5, 2.4 ಕಿಲೋಗ್ರಾಂ ಬಂದರೆ ಸರಾಸರಿ 2.1, ಹೆಕ್ಟೇರಿಗೆ 840. ಮಿತಿಗಿಂತ 280 ಕಡಮೆ, ಎಂದರೆ ನಾಲ್ಕನೆಯ ಒಂದು ಭಾಗ. ವಿಮೆ ಮಾಡಿಸಿದ ಪ್ರತಿಯೊಬ್ಬನಿಗೂ ವಿಮೆಯ ಮೊತ್ತದ ನಾಲ್ಕನೆಯ ಒಂದು ಭಾಗವು ಸಲ್ಲತಕ್ಕದ್ದು.

ಈಗ ಮೂರನೆಯ ತುಂಡು ಕಲ್ಲುಭೂಮಿಯಲ್ಲಿ ಬಂದಿತೆಂದು, ಊರಿನ ಮರ್ಯಾದೆಗಾಗಿಯೋ ನಡೆಯುವ ಶ್ರಮವನ್ನು ತಪ್ಪಿಸಲೋ, ಅದರ ಬದಲು ದಾರಿಯ ಪಕ್ಕದ ನೀರಿನಾಸರೆಯುಳ್ಳ ಹೊಲವನ್ನು ಯಾರಾದರೂ ತೋರಿಸಿದರೆ, ಮತ್ತು ಅದರಲ್ಲಿ 4.3 ಕಿಲೋಗ್ರಾಂ ಬಂದರೆ, ನಾಲ್ಕರ ಸರಾಸರಿ 2.8 ಆಗಿ ಹೆಕ್ಟೇರಿಗೆ 1120 ಎಂದು ದಾಖಲಾಗುವುದು. ಅದು ಮಿತಿಗೆ ಸರಿಯಾಗಿರುವುದರಿಂದ ಇಡೀ ಪಂಚಾಯತಿಗೆ ಒಂದು ಕಾಸೂ ದೊರೆಯದು. ಒಂದು ತುಂಡನ್ನು ಬದಲಾಯಿಸಿದುದರಿಂದ ನೂರಾರು ಕುಟುಂಬಗಳಿಗೆ ನಷ್ಟವಾಗುವುದು. ಇದಕ್ಕೆ ವಿರೋಧವಾಗಿ, ಬೇಕೆಂದೇ ಬರಡು ಮೂಲೆಯನ್ನು ತೋರಿಸುವುದೂ ಅಷ್ಟೇ ಅನ್ಯಾಯ. ಅಲ್ಲದೆ ಅಂತಹ ಸುಳ್ಳು ಇಳುವರಿಗಳು ವರ್ಷ ವರ್ಷವೂ ದಾಖಲೆಯಲ್ಲಿ ಸೇರಿದರೆ, ಮುಂದೆ ಮಿತಿ ಇಳುವರಿಯೇ ತಗ್ಗಿ, ನಿಜವಾದ ಬರದಲ್ಲಿ ಪರಿಹಾರವು ಕಡಮೆಯಾಗುವುದು. ಯಜಮಾನರು ಮಾಡಬೇಕಾದುದು ಇಷ್ಟೇ: ಕಟಾವಿನ ದಿನವನ್ನು ಮೊದಲೇ ತಿಳಿದುಕೊಂಡು, ಗೊತ್ತಾದ ಸರ್ವೆ ನಂಬರಿನಲ್ಲಿಯೇ, ಅಳತೆಯಾದ ಜಾಗದಲ್ಲಿಯೇ ಕೊಯ್ಲು ನಡೆಯುವಂತೆ ನೋಡಿಕೊಳ್ಳುವುದು, ತೂಕವನ್ನು ತಮ್ಮ ಪುಸ್ತಕದಲ್ಲಿಯೂ ಬರೆದುಕೊಳ್ಳುವುದು.

ಹೊಸ ತಳಿಯ ಪರೀಕ್ಷೆ

ಹೊಸ ಬೀಜವು ಬಂದಾಗ ಅದನ್ನು ಬಾವಿಯ ಪಕ್ಕದ ಒಳ್ಳೆಯ ನೆಲದಲ್ಲಿ ಹಾಕಿ, ಹಳೆಯದನ್ನು ದೂರದ ಹೊಲದಲ್ಲಿ ಬಿತ್ತಿ, ಹೊಸದೇ ಮೇಲೆಂದು ಹೇಳುವುದು ಸಾಮಾನ್ಯ. ಇಲ್ಲಿ ಗೆದ್ದುದು ಬೀಜವೋ ನೆಲವೋ ತಿಳಿಯದು. 1919ರಿಂದ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿಕ್ಷೇತ್ರದಲ್ಲಿ ಕೆಲಸ ಮಾಡಿದ ಫಿಷರ್ ಎಂಬ ವಿದ್ವಾಂಸನು ಈ ದೋಷಕ್ಕೆ ಪರಿಹಾರವನ್ನು ತೋರಿಸಿದನು. ಅದರ ಸುಲಭವಾದ ರೂಪ ಹೀಗಿದೆ. ಒಂದೇ ಹೊಲವನ್ನು ಸಮನಾದ ಎಂಟು ಪಟ್ಟಿಗಳಾಗಿ ವಿಭಾಗಿಸಿ, ಪಕ್ಕಪಕ್ಕದ ಎರಡೆರಡನ್ನು ಜೋಡಿಮಾಡಬೇಕು. ಪ್ರತಿ ಜೋಡಿಯಲ್ಲಿ ಯಾವ ಪಟ್ಟಿಗೆ ಹೊಸ ಬೀಜವೆಂಬುದನ್ನು ನಾಣ್ಯ ಹಾರಿಸಿ ಗೊತ್ತುಮಾಡಬೇಕು. ಬಿತ್ತುವ ದಿನ, ಗೊಬ್ಬರ, ಕಳೆ ತೆಗೆಯುವುದು ಎಲ್ಲವೂ ಒಂದೇ ಆಗಿರಬೇಕು. ಕೊಯ್ಲಿನಲ್ಲಿ ಪ್ರತಿ ಪಟ್ಟಿಯನ್ನೂ ಬೇರೆಬೇರೆಯಾಗಿ ತೂಗಬೇಕು.

ಎರಡು ತಳಿಗಳೂ ನಿಜವಾಗಿ ಸಮಾನವಾಗಿದ್ದರೂ ನಾಲ್ಕು ಜೋಡಿಗಳಲ್ಲಿಯೂ ಹೊಸದೇ ಗೆಲ್ಲುವ ಸಂಭವವು ಹದಿನಾರರಲ್ಲಿ ಒಂದು. ಆದುದರಿಂದ ನಾಲ್ಕಕ್ಕೆ ನಾಲ್ಕು ಗೆದ್ದರೆ ಅದು ಒಳ್ಳೆಯ ಗುರುತೇ ಹೊರತು ಪೂರ್ಣ ಪ್ರಮಾಣವಲ್ಲ. ಊರಿನಲ್ಲಿ ಇಬ್ಬರು ಹೀಗೆಯೇ ಮಾಡಿ ಎಂಟಕ್ಕೆ ಎಂಟೂ ಗೆದ್ದರೆ, ಅದು ಬರಿಯ ಅದೃಷ್ಟದಿಂದ ಆಗುವ ಸಂಭವವು 256ರಲ್ಲಿ ಒಂದಕ್ಕೆ ಇಳಿಯುವುದು. ಎರಡಕ್ಕೆ ಎರಡು ಗೆದ್ದಿತೆಂದು ಹೊಲವನ್ನೆಲ್ಲ ಬದಲಾಯಿಸುವುದು ಆತುರದ ಮಾತು. ಮಳೆ ಹೆಚ್ಚಿದ ವರ್ಷದಲ್ಲಿ ಗೆದ್ದ ತಳಿ ಬರದಲ್ಲಿ ಸೋಲಬಹುದಾದುದರಿಂದ, ಎರಡು ಮೂರು ವರ್ಷ ಪರೀಕ್ಷಿಸುವುದು ಉತ್ತಮ.

ಆಚರಣೆಗೆ ತರತಕ್ಕ ವಿಷಯಗಳು

1. ಪ್ರತಿ ಹೊಲಕ್ಕೂ ಲೆಕ್ಕದ ಪುಟವಿರಬೇಕು. ನಷ್ಟದ ವರ್ಷವನ್ನು ಬಿಡಬಾರದು.

2. ಸಾಲಕ್ಕೆ ಮುಂಚೆ ಸರಾಸರಿಯೊಡನೆ ಮಧ್ಯಾಂಕವನ್ನೂ ಕೆಟ್ಟ ವರ್ಷಗಳ ಸಂಖ್ಯೆಯನ್ನೂ ನೋಡಬೇಕು.

3. ಯಾವುದೊಂದು ಉಪಾಯವನ್ನು ಹೊಗಳುವವರನ್ನು, ಅದಿಲ್ಲದ ಕಡೆ ಏನಾಯಿತೆಂದು ಕೇಳಬೇಕು.

4. ಮಾದರಿಯನ್ನು ಚೀಟಿಯೆತ್ತಿ ಗೊತ್ತುಮಾಡಬೇಕು; ಎಷ್ಟು ತೆಗೆಯಲಾಯಿತೆಂಬುದನ್ನು ಬರೆಯಬೇಕು.

5. ಕಟಾವು ಪ್ರಯೋಗದ ತುಂಡನ್ನು ಯಾರ ಮಾತಿಗೂ ಬದಲಾಯಿಸಗೊಡಬಾರದು.

6. ಹೊಸ ತಳಿಯನ್ನು ಹಳೆಯದರ ಪಕ್ಕದಲ್ಲಿಯೇ, ಅನೇಕ ಪಟ್ಟಿಗಳಲ್ಲಿ ಪರೀಕ್ಷಿಸಬೇಕು.

ಅಂಕಿಗಳು ಮಳೆಯನ್ನು ತರಲಾರವು, ಧಾರಣೆಯನ್ನು ಏರಿಸಲಾರವು. ಎಷ್ಟು ನಷ್ಟವನ್ನು ತಾಳುವುದಕ್ಕೆ ಸಿದ್ಧವಾಗಿರಬೇಕೆಂಬುದನ್ನು ಮಾತ್ರ ಮುಂಚಿತವಾಗಿ ತಿಳಿಸುವುವು. ಊರಿಗೆ ಹತ್ತು ಮನೆಗಳವರಾದರೂ ಈ ವರ್ಷದ ಬಿತ್ತನೆಯಿಂದಲೇ ಇಂತಹ ಪುಸ್ತಕವನ್ನು ಆರಂಭಿಸಿದರೆ, ಐದಾರು ವರ್ಷಗಳಲ್ಲಿ ಅದು ಆ ಊರಿನ ಜಮೀನಿಗೆ ಬೇರೆಲ್ಲಿಯೂ ದೊರೆಯದ ಮಾರ್ಗದರ್ಶಿಯಾಗುವುದು.